ಕಿಟಕಿಯಲ್ಲಿ ಕೂತ ದೇವರು

ಫೆಬ್ರವರಿ 27, ಸೋಮವಾರ

ಗಂಡ ಇದ್ದಾಗ ಗೊಣಗುವುದಕ್ಕೆ ಒಂದು ಕಿವಿಯಾದರೂ ಇತ್ತು. ಈಗ ಈ ಹಾಳೆಗಳೇ ಗತಿ. ಮಗ ಕಾ-ಲೊಕ್‌ಗೆ ಹೇಳಿದರೆ “ಆಯ್ತಮ್ಮಾ” ಎಂದು ಮಿನಿಬಸ್ ಓಡಿಸಲು ಹೊರಟುಬಿಡುತ್ತಾನೆ. ವಾಪಸು ಬರುವುದು ರಾತ್ರಿ ಊಟಕ್ಕೆ. ಸೊಸೆಗೆ ಹೇಳಿದರೆ ಅದು ದೂರು ಆಗುತ್ತದೆ.

ಇವತ್ತು ಕಿಟಕಿ ನೋಡಲು ಮೊಕ್ ಮೇಸ್ತ್ರಿ ಬಂದಿದ್ದ. ನಮ್ಮ ಕಟ್ಟಡದ ಕಿಟಕಿಗಳೆಲ್ಲ ತಪಾಸಣೆಯಾಗಬೇಕು ಎಂದು ಸರ್ಕಾರದ ನೋಟಿಸು ಬಂದು ಬಹಳ ದಿನವಾಯಿತು. ಹಾಂಗ್‌ಕಾಂಗಿನಲ್ಲಿ ಮಳೆಗಾಳಿ ಶುರುವಾದರೆ ಎಲ್ಲಾದರೂ ಒಂದು ಕಡೆ ಕಿಟಕಿ ಕಳಚಿ ರಸ್ತೆಗೆ ಬೀಳುತ್ತದೆ. ನಮ್ಮದು ಐದನೇ ಮಹಡಿ. ಅಡುಗೆಮನೆಯ ಕಿಟಕಿ ಪಾಸಾಯಿತು. ಸೊಸೆ ಮಲಗುವ ಮಂಚದ ಪಕ್ಕದ್ದು ಫೇಲು. ಅಲ್ಯೂಮಿನಿಯಂ ಕದವನ್ನು ಹಿಡಿದಿರುವುದು ಮೇಲೊಂದು, ಕೆಳಗೊಂದು ಕೀಲು. ಮೇಲಿನದರ ರಿವಿಟ್ಟುಗಳೆಲ್ಲ ಸವೆದು ಉದುರಿ ಒಂದೇ ಒಂದು ಉಳಿದಿದೆ. ಹಿಡಿಯೂ ಸಡಿಲ. ಕೆಳಗೆ ತಿರುಗಿಸಿ ಮುಚ್ಚಿದರೂ ತಾನಾಗಿಯೇ ಮೇಲೇಳುತ್ತದೆ.

“ಅಕ್ಕಾ, ಇದನ್ನ ತೆರೀಲೇಬೇಡಿ. ಹಳೇ ರಿವಿಟ್ ಕೊರೆದು ತೆಗ್ದು, ಎರಡೂ ಕೀಲು ಬದಲಾಯಿಸಿ, ಸ್ಟೀಲಿನ ರಿವಿಟ್ ಹೊಡೀಬೇಕು. ಈಗ್ಲೇ ಮಾಡಿಬಿಡ್ಲಾ?” ಎಂದು ಮೇಸ್ತ್ರಿ ಡ್ರಿಲ್ ಕೈಗೆತ್ತಿಕೊಂಡ. ಆಗ ಅವನ ಕಣ್ಣು ಮಂಚದ ಮೇಲೆ ಹೊಟ್ಟೆಗೆ ಕೈಯಿಟ್ಟು ಮಲಗಿದ್ದ ಸೊಸೆಯ ಮೇಲೆ ಬಿತ್ತು.

“ಎಷ್ಟು ತಿಂಗಳು?”

“ಮೂರು ತುಂಬಿದೆ” ಎಂದೆ.

ಬಿಸಿ ಬಾಣಲೆ ಮುಟ್ಟಿದವನ ಹಾಗೆ ಡ್ರಿಲ್ಲನ್ನು ಚೀಲಕ್ಕೆ ಹಾಕಿದ. “ಮೊದ್ಲೇ ಹೇಳೋದಲ್ವಾ! ನಾನೂ ಮಕ್ಕಳೊಂದಿಗ ಕಣಕ್ಕಾ. ಪಂಚಾಂಗ ತೆಗೀರಿ, ದೇವರು ಎಲ್ಲಿದಾನೆ ನೋಡೋಣ.”

ನನಗೆ ನೋಡದೆಯೂ ಗೊತ್ತಿತ್ತು. ಬಸುರಿ ಇರುವ ಮನೆಯಲ್ಲಿ ಗರ್ಭದ ದೇವರು ತಿಂಗಳಿಗೊಂದು ಕಡೆ ಕೂತಿರುತ್ತಾನೆ. ಒಂದು ತಿಂಗಳು ಹಾಸಿಗೆಯಲ್ಲಿ, ಒಂದು ತಿಂಗಳು ಬಾಗಿಲಲ್ಲಿ, ಒಂದು ತಿಂಗಳು ಒಲೆಯಲ್ಲಿ. ಅವನು ಕೂತ ಕಡೆ ಕೊರೆಯಬಾರದು, ಬಡಿಯಬಾರದು. ಬಸಿರಿನ ತಿಂಗಳಲ್ಲ, ನಮ್ಮ ಪಂಚಾಂಗದ ತಿಂಗಳ ಲೆಕ್ಕ; ಎರಡನೇ ತಿಂಗಳು ಅವನು ಇರುವುದು ಕಿಟಕಿಯಲ್ಲಿ. ಈಗ ನಡೆಯುತ್ತಿರುವುದೇ ಎರಡನೇ ತಿಂಗಳು. ಸಾಲದ್ದಕ್ಕೆ ಈ ವರ್ಷ ಅಧಿಕ ಮಾಸ, ಎರಡನೇ ತಿಂಗಳೇ ಎರಡು ಸಲ. ಮೇಸ್ತ್ರಿ ಪುಟ ತಿರುಗಿಸಿ ನಿಟ್ಟುಸಿರುಬಿಟ್ಟ. “ಏಪ್ರಿಲ್ ಇಪ್ಪತ್ತಕ್ಕೆ ಬಾಗಿಲಿಗೆ ಹೋಗ್ತಾನೆ. ಅಲ್ಲೀತನಕ ನಾನಂತೂ ಮುಟ್ಟಲ್ಲ.”

“ಇವಳು ಆಸ್ಪತ್ರೆಗೆ ಹೋದ ದಿನ ಮಾಡಿದ್ರೆ?”

“ಅವ್ರು ಎಲ್ಲಿಗೋದ್ರೂ ದೇವರು ಮನೇಲೇ ಇರ್ತಾನಲ್ಲಕ್ಕಾ.”

ಅದೂ ನಿಜ. ಸೊಸೆಗೆ ಎರಡು ಸಲ ಬಸಿರು ನಿಂತಿಲ್ಲ. ಈ ಸಲ ಡಾಕ್ಟರು ಮಂಚ ಬಿಟ್ಟು ಏಳಲೇಬಾರದು ಎಂದಿದ್ದಾರೆ. ಹೋದ ವರ್ಷ ಇದೇ ಕಿಟಕಿಗೆ ಪರದೆ ಬೇಕು, ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದಳು. ಮಗ ಗೋಡೆ ಕೊರೆದು ಕಂಬಿ ಹಾಕಿದ. ಅದೇ ವಾರ ಎಲ್ಲ ಮುಗಿಯಿತು. ಕಂಬಿಯನ್ನು ನಾನೇ ಕಿತ್ತು ನನ್ನ ಮಂಚದಡಿಗೆ ತಳ್ಳಿದೆ. ಯಾರೂ ಏನೂ ಮಾತಾಡಲಿಲ್ಲ. ಮಾತಾಡುವುದಕ್ಕೇನಿದೆ, ಪರದೆ ಬೇಕೆಂದವಳು ಅವಳೇ.

ಅವಳ ಹೆಸರು ಮೇಯ್-ಫೊಂಗ್. ಮಗ ಮುದ್ದಿಗೆ ಆ-ಫೊಂಗ್ ಅನ್ನುತ್ತಾನೆ. ಚೀನಾದ ಗ್ವಾಂಗ್ಶಿ ಕಡೆಯ ಹುಡುಗಿ. ಕರೆಯಬೇಕಾದಾಗ ನಾನು “ಏಯ್” ಅನ್ನುತ್ತೇನೆ. ಕೇಳಿಸುತ್ತದೆ.

ಮಾರ್ಚ್ 2, ಗುರುವಾರ

ರಾತ್ರಿಯೆಲ್ಲ ಕಿಟಕಿ ಕಟಕಟ ಎಂದಿತು. ಬೆಳಿಗ್ಗೆ ಮಗ ಹಗ್ಗ ಹಿಡಿದು ಬಂದ. ಬೇಡ ಎಂದೆ. ಬಸುರಿ ಇರುವ ಕೋಣೆಯಲ್ಲಿ ಹಗ್ಗ ಬಿಗಿದರೆ ಮಗುವಿನ ಬೆರಳು ಮುದುಡುತ್ತದೆ. ಹಾಗಾದರೆ ಟೇಪ್ ಅಂಟಿಸುತ್ತೇನೆ ಎಂದ. ಅಂಟಿಸಿದರೆ ಮಗುವಿನ ಮೂಗು ಕಟ್ಟುತ್ತದೆ. ಮೊಳೆಯ ಮಾತಂತೂ ಎತ್ತುವ ಹಾಗಿಲ್ಲ.

“ಸರಿ, ಮಂಚನಾದ್ರೂ ಈ ಕಡೆ ಎಳೀಲಾ?”

“ಮಂಚ ಎಳೀತಾರೇನೋ, ಬುದ್ಧಿ ಇದೆಯಾ?”

“ಮತ್ತೇನಮ್ಮಾ ಮಾಡ್ಬೋದು ಈ ಮನೇಲಿ? ಉಸಿರಾಡ್ಬೋದಾ?” ಎಂದು ಹಗ್ಗ ಬಿಸಾಕಿ ಹೋದ. ಹಾಸಿಗೆಯಿಂದ ಕಿಸಕ್ಕೆಂದ ಸದ್ದು ಬಂತು. ನಾನು ತಿರುಗಿ ನೋಡಲಿಲ್ಲ.

ಆಮೇಲೆ ಉಪಾಯ ಹೊಳೆಯಿತು. ಒಂದು ಕೈಚೀಲದ ತುಂಬ ಅಕ್ಕಿ ಸುರಿದು, ಅದರ ಕೈಗಳನ್ನು ಕಿಟಕಿಯ ಹಿಡಿಗೆ ತಗುಲಿಸಿದೆ. ಭಾರಕ್ಕೆ ಹಿಡಿ ಕೆಳಗೇ ನಿಂತಿತು. ಇದು ಕಟ್ಟಿದ್ದಲ್ಲ, ತೂಗುಹಾಕಿದ್ದು. ದೇವರಿಗೂ ಅಷ್ಟು ವ್ಯತ್ಯಾಸ ತಿಳಿಯುತ್ತದೆ ಅಂದುಕೊಂಡಿದ್ದೇನೆ.

ಮಾರ್ಚ್ 9, ಗುರುವಾರ

ಮಂಡಿ ಊದಿಕೊಂಡಿದೆ. ಐದು ಮಹಡಿ ಇಳಿದು ಹತ್ತುವುದು ದಿನಕ್ಕೆ ಒಂದು ಸಲ ಸಾಕು. ಡಿಮ್‌ಸಮ್ ತಿಂಡಿಯ ಗಾಡಿಯನ್ನು ಹೋಟೆಲಿನಲ್ಲಿ ತಳ್ಳಿ ತಳ್ಳಿ ಸವೆದ ಮಂಡಿ. ಇದಕ್ಕೂ ಮೊಕ್ ಮೇಸ್ತ್ರಿ ಸ್ಟೀಲಿನ ರಿವಿಟ್ ಹೊಡೆಯುವ ಹಾಗಿದ್ದರೆ!

ಕಿಟಕಿಗೆ ಸರಿಯಾಗಿ ಕೆಳಗೆ ಹಣ್ಣು ಮಾರುವ ಸೋ ಗಾಡಿ ಇಟ್ಟುಕೊಂಡಿದ್ದಾಳೆ. ಇವತ್ತು ಕೇಳಿಯೇಬಿಟ್ಟೆ. “ಸೋ, ಗಾಡಿ ಸ್ವಲ್ಪ ಆ ಕಡೆ ತಳ್ಳೇ. ಮೇಲೆ ನಮ್ಮ ಕಿಟಕಿ ಸರಿ ಇಲ್ಲ.”

“ನಾನು ಇಲ್ಲಿ ಕೂತಾಗ ನಿನ್ನ ಮಗ ಚಡ್ಡಿ ಹಾಕ್ತಿದ್ದ ಪಿಂಗಕ್ಕ. ಗಿರಾಕಿಗಳು ಕಣ್ಮುಚ್ಕೊಂಡು ಬರೋದು ಇಲ್ಲಿಗೇ. ನಿನ್ನ ಕಿಟಕಿನೇ ಆ ಕಡೆ ತಳ್ಕೋ.”

“ತಲೆ ಮೇಲೆ ಬಿದ್ರೆ?”

“ಬೀಳ್ಲಿ ಬಿಡು. ತಲೇಲಿ ಏನಿದೆ ಕೆಡೋಕೆ? ಸ್ಟ್ರಾಬೆರಿ ಮೇಲೆ ಬೀಳದಿದ್ರೆ ಸಾಕು.” ಆಮೇಲೆ ದನಿ ತಗ್ಗಿಸಿದಳು. “ಸೊಸೆ ಹೆಂಗಿದಾಳೆ?”

“ಇದಾಳೆ.”

“ಇದಾಳೆ ಅಂದ್ರೆ? ಬಾಯಿಗೆ ಏನಾದ್ರೂ ಹುಳಿ ಕೊಡ್ತಿದೀಯೋ, ಬರೀ ಗಂಜಿನೋ?” ಎಂದು ಎರಡು ಮಾವಿನಕಾಯಿ ಚೀಲಕ್ಕೆ ಹಾಕಿದಳು. ನನ್ನ ಸೊಸೆಗೆ ನಾನೇನು ಕೊಡಬೇಕು ಎಂದು ಬೀದಿಯವರು ಹೇಳಿಕೊಡಬೇಕು.

ಸಂಜೆ ಬಗ್ಗಿ ನೋಡಿದರೆ ಗಾಡಿ ಪಕ್ಕದ ಅಂಗಡಿಯವರೆಗೆ ಸರಿದಿತ್ತು. ಮೈಯೆಲ್ಲ ಮುಳ್ಳಿರುವ ಡ್ಯೂರಿಯನ್ ಹಣ್ಣಿನ ಬುಟ್ಟಿ ಮಾತ್ರ ಅಲ್ಲೇ ಇತ್ತು. ಅದರ ಮೇಲೆ ಕಿಟಕಿ ಬಿದ್ದರೆ ಕೆಡುವುದು ಕಿಟಕಿಯೇ.

ಮಾರ್ಚ್ 17, ಶುಕ್ರವಾರ

ಥಂಡಿ. ಗೋಡೆಗಳು ಬೆವರುತ್ತಿವೆ, ನೆಲ ಜಾರುತ್ತಿದೆ, ಒಗೆದದ್ದು ಯಾವುದೂ ಒಣಗುವುದಿಲ್ಲ. ಸೊಸೆ ಮಾವಿನಕಾಯಿ ಹೋಳುಗಳಿಗೆ ವಿನೆಗರ್, ಸಕ್ಕರೆ, ಮೆಣಸಿನಪುಡಿ ಬೆರೆಸಿ ಎಂದು ಮಗನಿಂದ ಮಾಡಿಸಿಕೊಂಡಳು. ಅವರ ಊರಿನ ತಿಂಡಿಯಂತೆ. ಮುಚ್ಚಿದ ಮನೆಯಲ್ಲಿ ಆ ವಾಸನೆಗೆ ನನ್ನ ತಲೆ ಸಿಡಿಯಿತು. ಮೊಮ್ಮಗ ಹುಟ್ಟುವವರೆಗೆ ಸಹಿಸಬೇಕು.

ಮಾರ್ಚ್ 22, ಬುಧವಾರ

ದುರ್ಭಿಕ್ಷದಲ್ಲಿ ಅಧಿಕ ಮಾಸ. ಇವತ್ತಿನಿಂದ ಮತ್ತೆ ಎರಡನೇ ತಿಂಗಳು. ದೇವರು ಕಿಟಕಿ ಬಿಟ್ಟು ಕದಲಿಲ್ಲ.

ಸುಸ್ತು. ಬೇರೇನಿಲ್ಲ.

ಮಾರ್ಚ್ 29, ಬುಧವಾರ

ಹಗಲೆಲ್ಲ ಕಿಟಕಿ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಗಾಳಿ ಬಂದಾಗ ಕದಕ್ಕೆ ಕೈಯಿಡಬೇಕು. ಸುಮ್ಮನೆ ಕೂತವಳ ಕಣ್ಣು ಬೀದಿಗೆ ಹೋಗದೆ ಎಲ್ಲಿಗೆ ಹೋಗುತ್ತದೆ?

“ಅತ್ತೆ, ಕೆಳಗೇನು ಗಲಾಟೆ?” ಮಲಗಿದ್ದವಳು ಕೇಳಿದಳು.

“ಸೋಗೂ ಮೀನಿನವನಿಗೂ ಜಗಳ. ಅವನ ಐಸ್ ನೀರು ಇವಳ ಗಾಡಿ ಕೆಳಗೆ ಹರೀತಿದೆಯಂತೆ.”

“ಯಾರು ಗೆದ್ರು?”

“ಇರು, ಈಗಷ್ಟೇ ಶುರುವಾಗಿದೆ. ಅಯ್ಯೋ, ಸೋ ಚಪ್ಪಲಿ ಬಿಟ್ಟಳು.”

“ಹೊಡೆಯೋಕಾ?”

“ಅಲ್ಲ, ಚಪ್ಪಲಿ ನೆನೀಬಾರ್ದು ಅಂತ. ಬರಿಗಾಲಲ್ಲಿ ನೀರಲ್ಲಿ ನಿಂತು ಬೈತಿದಾಳೆ.”

ಅವಳು ಮೈ ಕುಲುಕಿ ನಕ್ಕಳು. ನಗಬೇಡ, ಹೊಟ್ಟೆ ಅಲುಗುತ್ತೆ ಎಂದು ಗದರಿದೆ. ಅದಕ್ಕೂ ನಕ್ಕಳು. ಪಾಪ, ತಿಂಗಳುಗಟ್ಟಲೆ ಸೀಲಿಂಗ್ ನೋಡುತ್ತ ಮಲಗಿದ್ದಾಳೆ, ಅವಳಿಗೆ ಬೀದಿ ಅಂದರೆ ನಾನು ಹೇಳಿದ್ದೇ.

ಮಾವಿನಕಾಯಿ ನಾನೇ ಹೆಚ್ಚಿಕೊಟ್ಟೆ. ಮಗ ದಪ್ಪ ಹೆಚ್ಚುತ್ತಾನೆ, ಹುಳಿ ಹಿಡಿಯುವುದಿಲ್ಲ. ನಾನೂ ನಾಲ್ಕು ಹೋಳು ತಿಂದೆ, ಉಪ್ಪು ನೋಡಲಿಕ್ಕೆ.

ಏಪ್ರಿಲ್ 5, ಬುಧವಾರ

ಇವತ್ತು ಛಿಂಗ್ ಮಿಂಗ್, ಹಿರಿಯರ ಸಮಾಧಿ ಗುಡಿಸುವ ದಿನ. ಮಗ ಒಬ್ಬನೇ ಹುರಿದ ಹಂದಿಮಾಂಸ, ಊದುಬತ್ತಿ ಹಿಡಿದು ಬೆಟ್ಟಕ್ಕೆ ಹೋದ. ಬಸುರಿ ಹೋಗುವಂತಿಲ್ಲ. ನಾನು ಹೋಗಬೇಕಿತ್ತು.

“ಹೋಗ್ಬನ್ನಿ ಅತ್ತೆ. ಒಂದು ದಿನ ನಾನು ಕಿಟಕಿ ನೋಡ್ಕೋತೀನಿ.”

“ಮಂಡಿ ನೋವು” ಎಂದೆ.

ರೀ, ಬೇಜಾರು ಮಾಡಿಕೊಳ್ಳಬೇಡಿ. ನೀವು ಹೋದ ಮೇಲೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಇಲ್ಲಿ ಕಿಟಕಿ ಬಿಟ್ಟು ಬರುವ ಹಾಗಿಲ್ಲ, ಅಷ್ಟೆ. ನಾನು ಆ ಕಡೆ ಹೋದರೆ ಇವಳು ಎದ್ದೇ ಏಳುತ್ತಾಳೆ, ಹಟಮಾರಿ. ನಿಮ್ಮ ಮಗನಿಗೆ ಜೋಡಿ ಸರಿಯಾಗಿದೆ.

ಏಪ್ರಿಲ್ 14, ಶುಕ್ರವಾರ

ಆಸ್ಪತ್ರೆ. ಬರೆಯಲು ಆಗುತ್ತಿಲ್ಲ.

ಏಪ್ರಿಲ್ 16, ಭಾನುವಾರ

ಕಾರಿಡಾರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಾಡಲು ಬೇರೆ ಕೆಲಸವಿಲ್ಲ, ಮನೆಗೆ ಹೋಗಲು ಮನಸ್ಸಿಲ್ಲ.

ಶುಕ್ರವಾರ ಮಧ್ಯಾಹ್ನ ಆಕಾಶ ಒಮ್ಮೆಲೇ ಕಪ್ಪಾಯಿತು. ಗಂಜಿಗೆ ಶುಂಠಿ ಹೆಚ್ಚುತ್ತಿದ್ದೆ. ಗಾಳಿ ಬೀಸಿದ ರಭಸಕ್ಕೆ ಅಕ್ಕಿಚೀಲ ಜೋಲಿ ಹೊಡೆದು ಕಳಚಿ ಬಿತ್ತು. ನಾನು ಕೋಣೆಗೆ ಓಡಿ ಬರುವಷ್ಟರಲ್ಲಿ ಕದ ತೆರೆದುಕೊಂಡು ಗೋಡೆಗೆ ಬಡಿಯಿತು. ಟಣ್ ಎಂದು ಒಂದು ಸಣ್ಣ ಸದ್ದು. ಮೇಲಿನ ಕೀಲಿನ ಕೊನೆಯ ರಿವಿಟ್. ಇಡೀ ಕದ ಹೊರಕ್ಕೆ ವಾಲಿತು.

ಮಂಚದ ಅಂಚಿಗೆ ಮಂಡಿಯೂರಿ, ಮೈ ಹೊರಕ್ಕೆ ಚಾಚಿ ಎರಡೂ ಕೈಯಿಂದ ಹಿಡಿದುಕೊಂಡೆ. ಕೆಳಗೆ ಸೋ ಗಾಡಿ ಸರಿಸಿದ್ದ ಖಾಲಿ ಜಾಗದಲ್ಲಿ ಮಳೆಗೆ ಓಡಿ ಬಂದ ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕೈ ಬಿಟ್ಟರೆ ಅವರ ನೆತ್ತಿಯ ಮೇಲೆ. ಗಾಜು ಮಳೆಯಲ್ಲಿ ನೆನೆದು ಜಾರುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಎರಡು ಕೈಗಳು ನನ್ನ ಸೊಂಟವನ್ನು ಬಿಗಿಯಾಗಿ ಅಪ್ಪಿಕೊಂಡವು.

“ಮೇಯ್-ಫೊಂಗ್! ಮಲಕ್ಕೋ! ಎದ್ದೇಳ್ಬೇಡ ಅಂದಿಲ್ವಾ!”

“ನೀವು ಬಿದ್ರೆ?”

“ನಾನು ಬಿದ್ರೆ ಬಿದ್ದೆ! ಮಲಕ್ಕೊಳ್ಳೇ!”

“ಬಾಯ್ಮುಚ್ಕೊಂಡು ಕಿಟಕಿ ಹಿಡ್ಕೊಳ್ಳಿ ಅತ್ತೆ!” ಎಂದಳು. ನನಗೆ, ಬಾಯಿ ಮುಚ್ಚು ಅಂತ.

ಕೆಳಗೆ ಸೋ ಕಿರುಚುತ್ತ ಕಲ್ಲಂಗಡಿ ಹೆಚ್ಚುವ ಕತ್ತಿ ಬೀಸಿ ಜನರನ್ನೆಲ್ಲ ಮಳೆಗೆ ಅಟ್ಟಿದಳು. ಮೂಲೆಯ ಅಂಗಡಿಯಿಂದ ಮೊಕ್ ಮೇಸ್ತ್ರಿಯನ್ನು ಕಳಿಸಿದವಳೂ ಅವಳೇ. ಅವನು ಐದು ಮಹಡಿ ಓಡಿ ಹತ್ತಿ ಬಂದು, ಏದುಸಿರು ಬಿಡುತ್ತ ಕದದ ಒಂದು ಮೂಲೆಗೆ ಕೈ ಹಾಕಿದ. ಆದರೆ ಒಳಕ್ಕೆ ಬರಲೊಲ್ಲದು. ಕೆಳಗಿನ ಕೀಲು ಬಾಗಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು.

“ಅಕ್ಕಾ, ಕೊರೀದೆ ಬಿಡಲ್ಲ ಇದು.” ಡ್ರಿಲ್ ಅವನ ಕೈಯಲ್ಲಿತ್ತು. ಮುಖದಲ್ಲಿ ರಕ್ತವಿರಲಿಲ್ಲ. “ದೇವರು ಇನ್ನೂ ಇಲ್ಲೇ ಇದಾನೆ. ನಾನು ಹೇಳಲ್ಲ. ನೀವೇ ಹೇಳಿ.”

ನನ್ನ ಸೊಂಟದ ಮೇಲೆ ಅವಳ ಹಿಡಿತ ಸಡಿಲಾಗುತ್ತಿತ್ತು. ಇವಳು ಇನ್ನೆಷ್ಟು ಹೊತ್ತು ನಿಂತಾಳು, ಬೇಗ ಮಲಗಿಸಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಬೇರೆ ಯಾವುದೂ ಹೊಳೆಯಲಿಲ್ಲ.

“ಕೊರಿ” ಎಂದೆ. ದೇವರಿಗೂ ಗಟ್ಟಿಯಾಗಿ ಹೇಳಿದೆ. “ತಂದೆ, ಸ್ವಲ್ಪ ಸರಿ. ಆ ಕೋಣೇಲಿ ನನ್ನ ಮಂಚ ಇದೆ, ಅದರ ಮೇಲೆ ಹೋಗಿ ಕೂತ್ಕೋ. ಯಾರೂ ಇಲ್ಲ.”

ಡ್ರಿಲ್ಲಿನ ಸದ್ದು ನನ್ನ ಹಲ್ಲಿನವರೆಗೂ ಬಂತು. ಅವಳಿಗೆ ಕಿವಿ ಮುಚ್ಚಲು ಕೈ ಖಾಲಿ ಇರಲಿಲ್ಲ, ನನಗೂ ಇರಲಿಲ್ಲ. ಕದ ಒಳಗೆ ಬಂತು. ಅದನ್ನು ನೆಲಕ್ಕೆ ಮಲಗಿಸಿ ತಿರುಗಿದರೆ ಅವಳು ಮಂಚದ ಮೇಲೆ ಕೂತು ತನ್ನ ಬಟ್ಟೆಯನ್ನೇ ನೋಡುತ್ತಿದ್ದಳು. ರಕ್ತ.

ಆಂಬುಲೆನ್ಸಿನಲ್ಲಿ ಅವಳ ಕೈ ನನ್ನ ಕೈಯೊಳಗಿತ್ತು. ಯಾರು ಯಾರದನ್ನು ಹಿಡಿದೆವೋ ಗೊತ್ತಿಲ್ಲ.

ಏಪ್ರಿಲ್ 18, ಮಂಗಳವಾರ

ರಕ್ತ ನಿಂತಿದೆ. ಯಂತ್ರದಲ್ಲಿ ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗೆ. ಹೆಣ್ಣು ಮಗು ಅಂತಲೂ ಹೇಳಿದರು. ಕಾ-ಲೊಕ್ ಗೋಡೆಗೆ ಮುಖ ಮಾಡಿ ಅತ್ತ. ಡಾಕ್ಟರು ಮಾತ್ರ ಇನ್ನೆರಡು ತಿಂಗಳು ಏನೂ ಹೇಳಲಾಗದು ಎಂದರು. ಡಾಕ್ಟರುಗಳ ಬಾಯಲ್ಲಿ ಪೂರ್ತಿ ಒಳ್ಳೆಯ ಮಾತು ಬರುವುದಿಲ್ಲ.

ಮಗ ಹೊರಗೆ ಹೋದಾಗ ಆ-ಫೊಂಗ್ ಆ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿದೆ ಅಂದುಕೊಂಡೆ.

“ಅತ್ತೆ, ಹೋದ ವರ್ಷ ಪರದೆ ಬೇಕು ಅಂದೋಳು ನಾನೇ ಅಲ್ವಾ.”

ನಾನು ಹೊದಿಕೆಯನ್ನು ಅವಳ ಭುಜದವರೆಗೆ ಎಳೆದೆ.

“ನೀವು ಒಂದು ಮಾತೂ ಬೈಲಿಲ್ಲ. ಕಂಬಿ ಕಿತ್ತು ಎತ್ತಿಟ್ರಿ, ಅಷ್ಟೆ. ಬೈದಿದ್ರೆ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಬಿಸಿಲು ಮುಖದ ಮೇಲೆ ಬಿದ್ದಾಗ ಅನ್ಕೋತೀನಿ, ಇಷ್ಟೇ ಬಿಸಿಲಿಗೋಸ್ಕರ ನಾನು ಮಗೂನ ಕಳ್ಕೊಂಡೆ ಅಂತ. ಈಗ ಮತ್ತೆ...”

ಅವಳ ಭುಜ ಅಲುಗುತ್ತಿತ್ತು.

“ಸಾಕು ಸುಮ್ನಿರೇ” ಎಂದೆ. “ನಾಲ್ಕು ತೂತು ಕೊರೆದ್ರೆ ಸಿಟ್ಟು ಮಾಡ್ಕೊಂಡು ಮಗೂನ ಬಿಟ್ಟು ಓಡಿಹೋಗೋ ದೇವರು ಎಂಥ ದೇವರೇ ಅದು? ಅಂಥವನು ನಮಗೆ ಬೇಡ. ಕಂಬಿಗೂ ಮಗೂಗೂ ಏನೂ ಸಂಬಂಧ ಇಲ್ಲ. ನಿನ್ನಿಂದ ಏನೂ ಆಗಿಲ್ಲ. ಕೇಳಿಸ್ತಾ? ಏನೂ ಆಗಿಲ್ಲ.”

ಅವಳು ತಿರುಗಿ ನನ್ನನ್ನೇ ನೋಡಿದಳು. “ನಿಜವಾಗ್ಲೂನಾ ಅತ್ತೆ?”

“ನಾನ್ಯಾಕೆ ಸುಳ್ಳು ಹೇಳ್ಲಿ?”

ಬೆಂಚಿಗೆ ಬಂದು ಕೂತ ಮೇಲೆ ಕೈಮುಗಿದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ದೇವರೇ, ಕೋಪ ಬಂದಿದ್ದರೆ ಅವಳ ಹತ್ತಿರ ಹೋಗಬೇಡ. ನನ್ನ ಇನ್ನೊಂದು ಮಂಡಿ ಇನ್ನೂ ಚೆನ್ನಾಗಿದೆ.

ಏಪ್ರಿಲ್ 19, ಬುಧವಾರ

ನಾಳೆ ಬೆಳಿಗ್ಗೆ ಆ-ಫೊಂಗ್‌ನನ್ನು ಮನೆಗೆ ಕಳಿಸುತ್ತಾರೆ. ಇವತ್ತು ಬಂದು ಮನೆ ಗುಡಿಸಿ, ಒರೆಸಿ, ಹಾಸಿಗೆ ಬದಲಾಯಿಸಿದೆ. ಕಿಟಕಿ ಗಟ್ಟಿಯಾಗಿ ಕೂತಿದೆ, ಹೊಸ ಕೀಲು, ಹೊಸ ಹಿಡಿ. ಒಂದು ಬೆರಳಿಗೆ ಮುಚ್ಚುತ್ತದೆ. ನಾವು ಆಸ್ಪತ್ರೆಗೆ ಹೋದ ಮೇಲೆ ಮೇಸ್ತ್ರಿ ಒಬ್ಬನೇ ಕೂತು ಮಾಡಿ ಮುಗಿಸಿದ್ದನಂತೆ. ಒಂದೊಂದು ರಿವಿಟ್ ಹೊಡೆಯುವಾಗಲೂ ಕೈಮುಗಿದನಂತೆ, ಸೋ ಹೇಳಿದಳು.

ನನ್ನ ಮಂಚದಡಿಯಿಂದ ಕಂಬಿ ಎಳೆದು ತೆಗೆದೆ. ಧೂಳು ಹಿಡಿದಿತ್ತು. ಒರೆಸಿ, ಅವನಿಗೆ ಹೇಳಿಕಳಿಸಿದೆ.

ಮೇಸ್ತ್ರಿ ಬಂದವನು ಕಂಬಿ ನೋಡಿದ, ಗೋಡೆ ನೋಡಿದ, ನನ್ನ ಮುಖ ನೋಡಿದ. “ಅಕ್ಕಾ, ಹಳೇ ತೂತು ದೊಡ್ಡದಾಗಿದೆ. ಹೊಸದಾಗಿ ಕೊರೀಬೇಕು.”

“ಕೊರಿ.”

“ಇವತ್ತೊಂದು ದಿನ ತಡ್ಕೊಳ್ಳಿ. ನಾಳೆಯಿಂದ ಮೂರನೇ ತಿಂಗಳು. ದೇವರು ತಾನಾಗೇ ಬಾಗಿಲಿಗೆ ಹೋಗ್ತಾನೆ, ನಾಡಿದ್ದು ಆರಾಮಾಗಿ ಹಾಕಿಕೊಡ್ತೀನಿ.”

“ನಾಳೆ ಬೆಳಿಗ್ಗೆನೇ ಅವಳು ಬರ್ತಾಳೆ. ಬಂದು ಮಲಗಿದ ತಕ್ಷಣ ಮುಖಕ್ಕೆ ಬಿಸಿಲು ಹೊಡೆಯುತ್ತೆ. ಕೊರಿ ಅಂದ್ನಲ್ಲ.”

ಅವನು ಬಾಯಿ ತೆರೆದು ನನ್ನನ್ನೇ ನೋಡುತ್ತ ನಿಂತ. ಅದರಲ್ಲಿ ನೋಡುವುದಕ್ಕೇನಿತ್ತೋ! ಪೊರಕೆ ತಂದು ಕಿಟಕಿಯ ಅಂಚನ್ನು ಮೆಲ್ಲಗೆ ಗುಡಿಸಿ, ಸ್ವಲ್ಪ ಸರಿಯಪ್ಪ ಎಂದೆ. ಅವನು ಕಣ್ಣುಮುಚ್ಚಿಕೊಂಡು ಕೊರೆದ. ಕಣ್ಣು ಬಿಟ್ಟು ಕೊರಿಯೋ, ಸೊಟ್ಟಗಾದರೆ ಆಮೇಲೆ ಯಾರು ನೋಡುತ್ತಾರೆ ಎಂದು ಬೈದೆ.

ಹೋದ ವರ್ಷದ ಪರದೆಯನ್ನೇ ಒಗೆದು ಹಾಕಿದ್ದೇನೆ. ಹಳದಿ ಹೂವಿನದು. ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಅವಳು ಸರಿಯಾಗಿಯೇ ಆರಿಸಿದ್ದಳು.

ಚೀಲದ ಅಕ್ಕಿಯನ್ನು ಡಬ್ಬಕ್ಕೆ ಸುರಿದೆ. ಸೋ ಹತ್ತಿರ ಮಾವಿನಕಾಯಿ ಹೇಳಿಟ್ಟಿದ್ದೇನೆ, ಬೆಳಿಗ್ಗೆ ಮೊದಲು ಅದನ್ನು ತರಬೇಕು.